ಅಪ್, ಔಟ್, ಆಫ್: ಕಿರುಪದಗಳ ಕಸುವು

ಹುಮನಾಬಾದಿನಲ್ಲಿ ಪುಣೆ–ಹೈದರಾಬಾದ್ ಹೆದ್ದಾರಿಯನ್ನು ಕಲಬುರಗಿ–ಬೀದರ್ ರಸ್ತೆ ಹಾದುಹೋಗುತ್ತದೆ. ಅಲ್ಲಿನ ಗ್ಯಾರೇಜುಗಳ ಮುಂದೆ ತುಸು ಹೊತ್ತು ನಿಂತರೆ ‘ಗಾಡಿ ಬ್ರೇಕ್‌ಡೌನ್ ಆಗ್ಯದ’, ‘ಬೈಕಿಗಿ ಪಿಕಪ್ ಇಲ್ಲ’, ‘ಫೋನ್ ಸ್ವಿಚ್ ಆಫ್ ಅದ’ ಎಂಬ ಮಾತುಗಳು ಕಿವಿಗೆ ಬೀಳುತ್ತವೆ. ಬಸವಕಲ್ಯಾಣದ ದವಾಖಾನೆಗೆ ಹೋದರೆ ಚೆಕಪ್, ಮದುವೆಮನೆಗೆ ಹೋದರೆ ಮೇಕಪ್. ಶಾಲೆಯ ಮೆಟ್ಟಿಲು ಹತ್ತದವರೂ ಇವನ್ನು ತಡವರಿಸದೆ ಬಳಸುತ್ತಾರೆ. ಅದೇ ಊರುಗಳ ಹತ್ತನೇ ತರಗತಿಯ ಮಕ್ಕಳು ಮಾತ್ರ ‘ಗಿವ್ ಅಪ್, ಗಿವ್ ಇನ್, ಗಿವ್ ಔಟ್’ ಎಂದು ಪಟ್ಟಿ ಉರುಹೊಡೆಯುತ್ತಾರೆ. ಪರೀಕ್ಷೆ ಮುಗಿದರೆ ಪಟ್ಟಿಯೂ ಮರೆಯುತ್ತದೆ. ಕ್ರಿಯಾಪದದ ಬೆನ್ನಿಗೆ ಬರುವ ಈ ಕಿರುಪದಕ್ಕೆ ಸ್ವಂತ ಅರ್ಥವೇ ಇಲ್ಲವೆಂಬಂತೆ ಕಲಿಸುತ್ತಿರುವುದೇ ಇದಕ್ಕೆ ಕಾರಣ ಎಂದು ನನ್ನ ದೃಢವಾದ ನಂಬಿಕೆ.

ಈ ಕಷ್ಟ ಹಳೆಯದು. ಪರದೇಶದವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇಂಥ ಜೋಡಿಗಳೇ ಎಂದು ಸ್ಯಾಮ್ಯುಯಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಬರೆದಿದ್ದ. ಆದರೆ ಬೀದರ್ ಜಿಲ್ಲೆಯ ಮಕ್ಕಳಿಗೆ ಇದು ಅಷ್ಟೊಂದು ಪರಕೀಯವಾಗಬೇಕಿಲ್ಲ. ಅವರು ಮನೆಯಲ್ಲಿ, ಬೀದಿಯಲ್ಲಿ, ಸಂತೆಯಲ್ಲಿ ಕೇಳುವ ಭಾಷೆಗಳೆಲ್ಲ ಇಂಥದೇ ಕೆಲಸವನ್ನು ಬೇರೆ ಸಾಧನದಿಂದ ಮಾಡುತ್ತವೆ.

‘ರೊಟ್ಟಿ ತಿಂದ’ ಎಂದರೆ ತಿನ್ನುವ ಕೆಲಸ ನಡೆಯಿತು, ತಟ್ಟೆಯಲ್ಲಿ ಇನ್ನೂ ಅರ್ಧ ಉಳಿದಿರಬಹುದು. ‘ತಿಂದುಬಿಟ್ಟ’ ಎಂದರೆ ತಟ್ಟೆ ಖಾಲಿ. ಇಲ್ಲಿ ಯಾರೂ ಏನನ್ನೂ ಬಿಟ್ಟಿಲ್ಲ. ಬಿಡು ಎಂಬ ಪದ ತನ್ನ ಮೂಲ ಅರ್ಥವನ್ನು ಬದಿಗಿಟ್ಟು, ಕೆಲಸ ಪೂರ್ತಿಯಾಯಿತು ಎಂದು ಸಾರುತ್ತಿದೆ. ಉರ್ದುವಿನ ‘ಖಾ ಡಾಲಾ’, ಮರಾಠಿಯ ‘ಖಾಊನ್ ಟಾಕಲಂ’ ಇದೇ ದಾರಿಯವು. ಇಂಗ್ಲಿಷಿನಲ್ಲಿ ಈ ಹೊಣೆ ಹೊರುವುದು ‘ಅಪ್’: ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್, ಬರ್ನ್ ಅಪ್. ಕಣ್ಣಿಗೆ ಬಿದ್ದ ‘ಅಪ್’ ಅನ್ನು ‘ಮೇಲೆ’ ಎಂದು ಓದಿ ಸೋತವರು ಒಮ್ಮೆ ‘ಬಿಡು’ ಹಾಕಿ ನೋಡಲಿ. ಸುಟ್ಟುಬಿಟ್ಟ, ಕುಡಿದುಬಿಟ್ಟ, ಬಳಸಿಬಿಟ್ಟ: ಅರ್ಥ ತಾನಾಗಿ ಕೂಡಿಕೊಳ್ಳುತ್ತದೆ. ಒಂದು ವ್ಯತ್ಯಾಸ ನೆನಪಿರಲಿ. ನಮ್ಮ ‘ಬಿಟ್ಟ’ದಲ್ಲಿ ಹೇಳುವವರ ಬೇಸರವೋ ಅಚ್ಚರಿಯೋ ಹಲವು ಸಲ ಬೆರೆತಿರುತ್ತದೆ, ‘ಅಪ್’ಗೆ ಆ ಭಾವ ಕಡ್ಡಾಯವಲ್ಲ.

ಮೇಲಕ್ಕೂ ಮುಗಿಯುವುದಕ್ಕೂ ಏನು ನಂಟು? ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕ್ ‘ಫಿಲ್ ಅಪ್’ ಮಾಡುವಾಗ ಮಟ್ಟ ಏರುತ್ತಾ ಹೋಗಿ ಕಂಠ ಮುಟ್ಟುತ್ತದೆ, ಅಲ್ಲಿಂದಾಚೆ ಜಾಗವಿಲ್ಲ. ಏರಿಕೆಯ ಕೊನೆಯೇ ಕೆಲಸದ ಕೊನೆ. 1981ರಲ್ಲಿ ಸೂಸನ್ ಲಿಂಡ್ನರ್ ಕ್ಯಾಲಿಫೋರ್ನಿಯಾದಲ್ಲಿ ಬರೆದ ಪಿಎಚ್‌ಡಿ ಪ್ರಬಂಧದ ವಸ್ತುವೇ ‘ಅಪ್’ ಮತ್ತು ‘ಔಟ್’. ಇವುಗಳ ಅರ್ಥಗಳು ದಿಕ್ಕಾಪಾಲಾಗಿ ಬಿದ್ದಿಲ್ಲ, ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ಅದು ತೋರಿಸಿತು.

‘ಔಟ್’ ಇನ್ನೂ ಸೊಗಸು. ನಕ್ಷತ್ರ ‘ಕಮ್ ಔಟ್’ ಆದರೆ ಕಾಣುತ್ತದೆ, ದೀಪ ‘ಗೋ ಔಟ್’ ಆದರೆ ಕಾಣದಂತಾಗುತ್ತದೆ. ಕಿರುಪದ ಒಂದೇ, ಫಲ ಮಾತ್ರ ತದ್ವಿರುದ್ಧ! ಇಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ: ನೋಡುವವರು ಎಲ್ಲಿದ್ದಾರೆ? ಮರೆಯಲ್ಲಿದ್ದದ್ದು ನಾವಿರುವ ಕಡೆಗೆ ಹೊರಬಂದರೆ ಕಾಣುತ್ತದೆ, ತಿಳಿಯುತ್ತದೆ. ಫೈಂಡ್ ಔಟ್, ಫಿಗರ್ ಔಟ್, ಪಾಯಿಂಟ್ ಔಟ್ ಈ ಬಗೆಯವು. ನಮ್ಮ ನಡುವೆ ಇದ್ದದ್ದೇ ಹೊರಗೆ ಹೋದರೆ ಇಲ್ಲವಾಗುತ್ತದೆ. ಡೈ ಔಟ್, ವೇರ್ ಔಟ್, ರನ್ ಔಟ್ ಈ ಕಡೆಯವು. ಕನ್ನಡದಲ್ಲಿ ಮೊದಲನೆಯದಕ್ಕೆ ‘ಗುಟ್ಟು ಹೊರಬಿತ್ತು’ ಎಂಬ ಮಾತಿದೆ. ಎರಡನೆಯದಕ್ಕೆ ನಾವು ‘ಹೋಗು’ವನ್ನು ಕರೆಯುತ್ತೇವೆ: ಆರಿಹೋಯಿತು, ಸವೆದುಹೋಯಿತು, ತೀರಿಹೋಯಿತು.

‘ಆಫ್’ ಬೇರ್ಪಡುವಿಕೆಯ ಪದ. ಟೇಕ್ ಆಫ್ ಆದ ವಿಮಾನ ನೆಲ ಬಿಡುತ್ತದೆ, ಸ್ವಿಚ್ ಆಫ್ ಮಾಡಿದರೆ ಕರೆಂಟಿನ ಸಂಪರ್ಕ ಕಡಿಯುತ್ತದೆ. ಹಾಗಾದರೆ ಅಲಾರಾಂ ‘ಗೋ ಆಫ್’ ಆಯಿತು ಎಂದರೆ ಅದು ಬಡಿಯಿತು ಎಂದೇಕೆ ಅರ್ಥ? ಬಂದೂಕಿನ ಗುಂಡಿಗೂ ಇದೇ ಮಾತನ್ನು ಬಳಸುತ್ತಾರೆ. ಹಿಡಿದಿಟ್ಟದ್ದು ಹಿಡಿತದಿಂದ ಬೇರ್ಪಟ್ಟು ಸಿಡಿಯಿತು ಎಂದು ನೋಡಿದರೆ ಎರಡೂ ಹೊಂದುತ್ತವೆ.

ಎಲ್ಲವೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. ಸಹಿಸು ಎಂಬರ್ಥದ ‘ಪುಟ್ ಅಪ್ ವಿತ್’ ಅಂಥದು. ಅದನ್ನು ಇಡಿಯಾಗಿಯೇ ಕಲಿಯಬೇಕು.

ಇನ್ನು ಜಾಗದ ಮಾತು. ನಮ್ಮಲ್ಲಿ ಬಹಳ ಸಲ ಕೇಳುವ ತಪ್ಪು ‘ಸ್ವಿಚ್ ಆಫ್ ಇಟ್’. ‘ಸ್ವಿಚ್ ಆಫ್ ದ ಫ್ಯಾನ್’, ‘ಸ್ವಿಚ್ ದ ಫ್ಯಾನ್ ಆಫ್’ ಎರಡೂ ಸರಿ. ಫ್ಯಾನಿನ ಬದಲು ‘ಇಟ್’ ಬಂತೋ, ಅದು ನಡುವೆಯೇ ಕೂರಬೇಕು: ‘ಸ್ವಿಚ್ ಇಟ್ ಆಫ್’. ‘ಲುಕ್ ಅಟ್ ಇಟ್’ನಲ್ಲಿ ಹೀಗೆ ನಡುವೆ ತರಲಾಗದು, ಏಕೆಂದರೆ ಅಲ್ಲಿನ ‘ಅಟ್’ ಕ್ರಿಯಾಪದದ ಜೊತೆಗಾರನಲ್ಲ, ಮುಂದಿನ ನಾಮಪದಕ್ಕೆ ಅಂಟಿಕೊಂಡ ಉಪಸರ್ಗ. ಕಿವಿಯೂ ಇದನ್ನು ಗುರುತಿಸಬಲ್ಲದು. ‘ಸ್ವಿಚ್ ಇಟ್ ಆಫ್’ ಎನ್ನುವಾಗ ಒತ್ತು ‘ಆಫ್’ ಮೇಲೆ ಬೀಳುತ್ತದೆ. ‘ಲುಕ್ ಅಟ್ ಇಟ್’ನಲ್ಲಿ ಒತ್ತೆಲ್ಲ ‘ಲುಕ್’ಗೆ, ‘ಅಟ್’ ಮೆಲ್ಲಗೆ ಸರಿದುಹೋಗುತ್ತದೆ.