ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಮ್ಮಿ ಬಂತಾ? ಪಿಯು ಸೀಟಿನ ಬಗ್ಗೆ ವಾಟ್ಸಾಪ್ ಹೇಳುವುದು ಎಷ್ಟು ನಿಜ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಸಂಜೆಯಾಗುವುದರೊಳಗೆ ಫ್ಯಾಮಿಲಿ ಗ್ರೂಪುಗಳಲ್ಲಿ ಎರಡು ಥರದ ಮೆಸೇಜು ಓಡಾಡಲು ಶುರುವಾಗುತ್ತವೆ. ಮೊದಲನೆಯದು ಅಂಕಪಟ್ಟಿಯ ಫೋಟೋ, ಅದರ ಕೆಳಗೆ ಸಾಲುಸಾಲು ಚಪ್ಪಾಳೆ. ಎರಡನೆಯದು ಹೆದರಿಸುವ ಫಾರ್ವರ್ಡು. “ಶೇ 85 ಇಲ್ಲದವರಿಗೆ ಸೈನ್ಸ್ ಸೀಟಿಲ್ಲ”, “ಫೇಲಾದರೆ ಒಂದು ವರ್ಷ ಹಾಳು”, “30 ದಿನದಲ್ಲಿ ಪಾಸ್ ಸರ್ಟಿಫಿಕೇಟ್, ಕೂಡಲೇ ಕರೆ ಮಾಡಿ”, “ಹತ್ತನೇ ಕ್ಲಾಸಲ್ಲಿ ಮಾರ್ಕ್ಸ್ ಇಲ್ಲದಿದ್ದರೆ ಡಾಕ್ಟರ್, ಎಂಜಿನಿಯರ್ ಆಸೆ ಬಿಡಿ” ಎನ್ನುವ ಧಾಟಿಯವು.

2025ರ ಪರೀಕ್ಷೆ-1 ಬರೆದವರು ಸುಮಾರು 8.42 ಲಕ್ಷ ಮಂದಿ. ಪಾಸಾದವರು ಸುಮಾರು 5.24 ಲಕ್ಷ. ಅಂದರೆ ಮೂರು ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಅಂದು “ಮುಂದೇನು?” ಎನ್ನುವ ಪ್ರಶ್ನೆ ಇತ್ತು. ಪಾಸಾಗಿಯೂ ಬಯಸಿದ ಕಾಲೇಜಿಗೆ ಬೇಕಾದಷ್ಟು ಅಂಕ ಬರದವರ ಮನೆಗಳು ಇದಕ್ಕೆ ಸೇರಿಲ್ಲ. ಇಂಥ ಫಾರ್ವರ್ಡುಗಳನ್ನು ಹೆಚ್ಚು ಗಾಬರಿಯಿಂದ ಓದುವವರು ಇವರೇ. ಗಾಬರಿಯಲ್ಲಿ ಏಜೆಂಟನಿಗೆ ದುಡ್ಡು ಕೊಡುವುದು, ಮಗುವಿಗೆ ಬೇಡದ ವಿಭಾಗಕ್ಕೆ ಸೇರಿಸುವುದು ಎರಡೂ ಆಗುತ್ತವೆ. ಹಾಗಾಗಿ ಒಂದೊಂದನ್ನೇ ಬಿಡಿಸಿ ನೋಡೋಣ.

“ಶೇ 85 ಇಲ್ಲದಿದ್ದರೆ ಸೈನ್ಸ್ ಸಿಗಲ್ಲ”: ನಿಜವೇ?

ಇಲ್ಲಿ ಅರ್ಹತೆ ಮತ್ತು ಕಟಾಫ್ ಎಂಬ ಎರಡು ಬೇರೆ ವಿಷಯಗಳು ಕಲಸಿಹೋಗಿವೆ. ಪ್ರಥಮ ಪಿಯುಗೆ ಸೇರಲು ಬೇಕಾದ ಅರ್ಹತೆ ಎಸ್ಸೆಸ್ಸೆಲ್ಸಿ ಅಥವಾ ಅದಕ್ಕೆ ಸಮಾನವಾದ ಪರೀಕ್ಷೆ ಪಾಸಾಗಿರುವುದು. ವಿಜ್ಞಾನಕ್ಕೆ ರಾಜ್ಯಕ್ಕೆಲ್ಲ ಒಂದೇ ಎನ್ನುವಂಥ ಶೇ 85ರ ಗೆರೆ ಇಲ್ಲ.

ಕಟಾಫ್ ಹುಟ್ಟುವುದು ಕಾಲೇಜಿನ ಮಟ್ಟದಲ್ಲಿ. ಒಂದು ಕಾಲೇಜಿನ ವಿಜ್ಞಾನ ವಿಭಾಗದಲ್ಲಿ 100 ಸೀಟಿದ್ದು 900 ಅರ್ಜಿ ಬಂದರೆ, ಮೆರಿಟ್ ಮತ್ತು ಮೀಸಲಾತಿ ರೋಸ್ಟರ್ ಪ್ರಕಾರ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿ ಕೊನೆಗೆ ಸೀಟು ಪಡೆದವರ ಅಂಕವೇ ಅಲ್ಲಿನ ಕಟಾಫ್. ಪಕ್ಕದ ಬೀದಿಯ ಕಾಲೇಜಿಗೆ 60 ಅರ್ಜಿ ಬಂದಿದ್ದರೆ ಅಲ್ಲಿ ಪಾಸಾದವರಿಗೆಲ್ಲ ಸೀಟು ಸಿಗಬಹುದು. ಹೆಸರುವಾಸಿ ಕಾಲೇಜೊಂದರ ಅಂಕಿಯನ್ನು ಇಡೀ ರಾಜ್ಯದ ನಿಯಮ ಎಂಬಂತೆ ಹಂಚುವುದೇ ಈ ಫಾರ್ವರ್ಡಿನ ತಪ್ಪು.

ಕಟಾಫ್ ಒಂದೇ ಕಡೆ ನಿಲ್ಲುವುದೂ ಇಲ್ಲ. ಮೊದಲ ಪಟ್ಟಿಯಲ್ಲಿ ಹೆಸರು ಬಂದವರಲ್ಲಿ ಕೆಲವರು ಡಿಪ್ಲೊಮಾಗೆ ಹೋಗುತ್ತಾರೆ, ಕೆಲವರು ಬೇರೆ ಊರಿಗೆ ಹೋಗುತ್ತಾರೆ. ಆ ಸೀಟುಗಳು ಮುಂದಿನ ಪಟ್ಟಿಗೆ ಬರುತ್ತವೆ. ಆದ್ದರಿಂದ ಒಂದೇ ಕಾಲೇಜನ್ನು ನಂಬಿ ಕೂರಬೇಡಿ. ಮೂರ್ನಾಲ್ಕು ಕಡೆ ಅರ್ಜಿ ಹಾಕಿ, ಅದರಲ್ಲಿ ಹತ್ತಿರದ ಸರ್ಕಾರಿ ಪಿಯು ಕಾಲೇಜು ಒಂದಿರಲಿ. ಎರಡನೇ ಪಟ್ಟಿ ಯಾವಾಗ ಎಂದು ಕಚೇರಿಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

“ದುಡ್ಡು ಕೊಟ್ಟರೆ ಸೀಟು ಮಾಡಿಸಿಕೊಡುತ್ತೇವೆ” ಎನ್ನುವವರೂ ಇದೇ ಹೊತ್ತಿಗೆ ಸಿಗುತ್ತಾರೆ. ಕರ್ನಾಟಕದಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯ್ದೆ ಬಂದದ್ದು 1984ರಲ್ಲಿ. ರಸೀದಿ ಇಲ್ಲದೆ ಯಾವ ಹಣವನ್ನೂ ಕೊಡಬೇಡಿ. ದೂರು ಕೊಡಬೇಕಾದರೆ ಜಿಲ್ಲೆಯಲ್ಲಿ ಪದವಿಪೂರ್ವ ಶಿಕ್ಷಣದ ಉಪನಿರ್ದೇಶಕರ ಕಚೇರಿ ಇದೆ.

ಬಂದ ಅಂಕವೇ ಅಂತಿಮವೇ?

ಅಲ್ಲ. “ಇಷ್ಟು ಕಮ್ಮಿ ಬರಲು ಸಾಧ್ಯವೇ ಇಲ್ಲ” ಎಂದು ಮಗು ಹೇಳುತ್ತಿದ್ದರೆ ಸುಮ್ಮನೆ ಗದರಿಸಬೇಡಿ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ. ಅದು ಬಂದ ಮೇಲೆ ವಿಷಯದ ಮೇಷ್ಟರ ಜೊತೆ ಕೂತು ನೋಡಿ. ಕೂಡಿಸುವುದರಲ್ಲಿ ತಪ್ಪಾಗಿದ್ದರೆ ಮರುಎಣಿಕೆ ಕೇಳಬಹುದು. ಉತ್ತರಕ್ಕೆ ತಕ್ಕ ಅಂಕ ಕೊಟ್ಟಿಲ್ಲ ಅನ್ನಿಸಿದರೆ ಮರುಮೌಲ್ಯಮಾಪನ ಕೇಳಬಹುದು. ಸ್ಕ್ಯಾನ್ ಪ್ರತಿ ತೆಗೆದುಕೊಳ್ಳದೆ ನೇರವಾಗಿ ಮರುಮೌಲ್ಯಮಾಪನಕ್ಕೆ ಹೋಗಲಾಗದು. ಎಲ್ಲಕ್ಕೂ ಕೊನೆಯ ದಿನಾಂಕ ಇರುತ್ತದೆ, ಕೆಲವೇ ದಿನಗಳ ಅವಕಾಶ. ಹಾಗಾಗಿ ಫಲಿತಾಂಶದ ಮರುದಿನವೇ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಿ.

“ಬೋರ್ಡಿನಿಂದ ಮಾತಾಡುತ್ತಿದ್ದೇವೆ, ಇಷ್ಟು ಕಳಿಸಿದರೆ ಅಂಕ ಹೆಚ್ಚಿಸುತ್ತೇವೆ” ಎಂದು ಯಾರಾದರೂ ಕರೆ ಮಾಡಿದರೆ ಅದು ಮೋಸವೇ. ಯಾವ ಪರೀಕ್ಷಾ ಮಂಡಳಿಯೂ ಫೋನಿನಲ್ಲಿ ಅಂಕ ಮಾರುವುದಿಲ್ಲ. ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

“ಫೇಲಾದರೆ ಒಂದು ವರ್ಷ ಹಾಳು”: ಇದು ಹಳೇ ಮಾತು

2024ರಿಂದ ಕರ್ನಾಟಕದಲ್ಲಿ ಪೂರಕ ಪರೀಕ್ಷೆ ಎಂಬ ಹೆಸರು ಹೋಗಿ, ಪರೀಕ್ಷೆ-1, ಪರೀಕ್ಷೆ-2 ಎಂದು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಕೊಡುವ ವ್ಯವಸ್ಥೆ ಬಂದಿದೆ. ಫೇಲಾದವರು ಆ ವಿಷಯಗಳನ್ನು ಮತ್ತೆ ಬರೆಯಬಹುದು. ಅನೇಕರಿಗೆ ಗೊತ್ತಿಲ್ಲದ ಸಂಗತಿ ಎಂದರೆ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ವಿಷಯವಾರು ಯಾವುದು ಹೆಚ್ಚೋ ಅದೇ ಅಂಕ ಉಳಿಯುತ್ತದೆ. ಎರಡನೇ ಸಲ ಕಮ್ಮಿ ಬಂದರೆ ಮೊದಲಿನದಕ್ಕೆ ಧಕ್ಕೆ ಇಲ್ಲ.

ಪರೀಕ್ಷೆ-2ರಲ್ಲಿ ಪಾಸಾದವರು ಅದೇ ವರ್ಷ ಪಿಯುಗೆ ಸೇರಿದ್ದಾರೆ. ಅವರಿಗಾಗಿ ದಾಖಲಾತಿಯ ಕೊನೆಯ ದಿನಾಂಕವನ್ನು ಮುಂದೂಡಿದ್ದೂ ಇದೆ. ಆದರೆ ಆ ಹೊತ್ತಿಗೆ ಬೇಡಿಕೆಯ ಕಾಲೇಜುಗಳಲ್ಲಿ ಸೀಟು ಮುಗಿದಿರಬಹುದು, ಪಾಠವೂ ಶುರುವಾಗಿರುತ್ತದೆ. ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಸೀಟು ಉಳಿಯುವ ಕಾಲೇಜುಗಳನ್ನು ಗುರುತಿಸಿಟ್ಟುಕೊಳ್ಳಿ.

ಪಾಸಾಗುವ ನಿಯಮವೂ ಬದಲಾಗಿದೆ. 2025-26ನೇ ಸಾಲಿನಿಂದ ಒಟ್ಟು ಅಂಕದಲ್ಲಿ ಶೇ 33, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಬಂದರೆ ಸಾಕು. ಮೊದಲು ಇದು ಶೇ 35 ಇತ್ತು. ಹಳೇ ಅಂಕಿಯ ಫಾರ್ವರ್ಡು ನೋಡಿ “ಫೇಲ್” ಎಂದು ಅಳುವ ಮುಂಚೆ ಅಂಕಪಟ್ಟಿಯಲ್ಲಿ ಏನು ಬರೆದಿದೆ ಎಂದು ಒಮ್ಮೆ ನೋಡಿ.

“30 ದಿನದಲ್ಲಿ ಪಾಸ್ ಸರ್ಟಿಫಿಕೇಟ್”: ಇಲ್ಲಿ ಹುಷಾರು

ಈ ಜಾಹೀರಾತುಗಳು ಸಾಮಾನ್ಯವಾಗಿ “ಓಪನ್ ಸ್ಕೂಲ್” ಎಂಬ ಹೆಸರಿನ ನೆರಳಿನಲ್ಲಿ ಬರುತ್ತವೆ. ನಿಜವಾದ ಓಪನ್ ಸ್ಕೂಲ್ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಅದು ಹತ್ತನೇ ಮತ್ತು ಹನ್ನೆರಡನೇ ತರಗತಿಯ ಪರೀಕ್ಷೆ ನಡೆಸುತ್ತದೆ. ಬೇರೆ ಮಾನ್ಯ ಬೋರ್ಡಿನಲ್ಲಿ ಫೇಲಾದವರು ಪಾಸಾಗಿರುವ ಗರಿಷ್ಠ ಎರಡು ವಿಷಯಗಳ ಅಂಕವನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ನೀಟ್, ಜೆಇಇ ಬರೆಯಲೂ ಅಲ್ಲಿನ ಹನ್ನೆರಡನೇ ತರಗತಿ ಸಲ್ಲುತ್ತದೆ. ಆದರೆ ಅಲ್ಲೂ ಓದಬೇಕು, ಪರೀಕ್ಷಾ ಕೇಂದ್ರಕ್ಕೆ ಹೋಗಿ ತಾನೇ ಬರೆಯಬೇಕು. ಪರೀಕ್ಷೆ ಬರೆಯದೆ ಸರ್ಟಿಫಿಕೇಟ್ ಕೊಡುವ ಮಾನ್ಯ ಬೋರ್ಡು ದೇಶದಲ್ಲಿ ಒಂದೂ ಇಲ್ಲ.

ನಕಲಿ ಬೋರ್ಡಿನ ಅಂಕಪಟ್ಟಿ ಅಂದೇ ಸಿಕ್ಕಿಬೀಳುವುದಿಲ್ಲ, ಅದೇ ಅಪಾಯ. ಐದಾರು ವರ್ಷದ ನಂತರ ಕೆಲಸಕ್ಕೆ, ಪಾಸ್‌ಪೋರ್ಟಿಗೆ ದಾಖಲೆ ಪರಿಶೀಲನೆ ನಡೆದಾಗ ಬಯಲಾಗುತ್ತದೆ. ಅಷ್ಟರಲ್ಲಿ ಅದರ ಮೇಲೆ ಕಟ್ಟಿದ ಓದೆಲ್ಲ ಕುಸಿಯುತ್ತದೆ, ಪೊಲೀಸ್ ಕೇಸೂ ಆಗಬಹುದು. ಬೋರ್ಡು ಅಸಲಿಯೇ ಎಂದು ತಿಳಿಯಲು ಶಾಲಾ ಮಂಡಳಿಗಳ ಒಕ್ಕೂಟವಾದ ಕೋಬ್ಸೆಯ ಪಟ್ಟಿ ನೋಡಿ. ಅಥವಾ ಸೇರಬೇಕೆಂದಿರುವ ಕಾಲೇಜಿನಲ್ಲೇ “ಈ ಬೋರ್ಡು ನಡೆಯುತ್ತದಾ?” ಎಂದು ಮೊದಲೇ ಕೇಳಿ.

ಪಿಯು ಒಂದೇ ದಾರಿಯೇ?

ಎಸ್ಸೆಸ್ಸೆಲ್ಸಿ ಪಾಸಾದವರು ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಓದಬಹುದು. ಅದು ಮುಗಿದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ನೇರ ಪ್ರವೇಶ. ಲೆಕ್ಕ ಹಾಕಿ: ಪಿಯು ಎರಡು ಮತ್ತು ಬಿಇ ನಾಲ್ಕು ಸೇರಿ ಆರು ವರ್ಷ. ಡಿಪ್ಲೊಮಾ ಮೂರು ಮತ್ತು ಬಿಇ ಮೂರು ಸೇರಿದರೂ ಆರೇ ವರ್ಷ. ಅದೂ ಮಧ್ಯದಲ್ಲೇ ಕೈಗೊಂದು ಕೆಲಸದ ಅರ್ಹತೆ ಬಂದಿರುತ್ತದೆ.

ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್‌ನಂಥ ಎರಡು ವರ್ಷದ ಟ್ರೇಡುಗಳಿಗೆ ಎಸ್ಸೆಸ್ಸೆಲ್ಸಿ ಪಾಸ್ ಬೇಕು. ವೆಲ್ಡರ್‌ನಂಥ ಕೆಲವಕ್ಕೆ ಎಂಟನೇ ತರಗತಿ ಸಾಕು. ಎಸ್ಸೆಸ್ಸೆಲ್ಸಿ ಪಾಸಾಗಿ ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿಯಲ್ಲಿ, ಅಚ್ಚು ಮತ್ತು ಉಪಕರಣ ತಯಾರಿಕೆಯ ಡಿಪ್ಲೊಮಾ ಎಸ್ಸೆಸ್ಸೆಲ್ಸಿ ನಂತರವೇ ಸಿಗುತ್ತದೆ. “ಓದು ಹತ್ತದವರು ಹೋಗುವ ಜಾಗ” ಎಂದು ಇವನ್ನೆಲ್ಲ ತಳ್ಳಿಹಾಕುವುದು ನಮ್ಮ ಮನೆಗಳ ಹಳೇ ಚಾಳಿ.

“ಹತ್ತನೇ ಕ್ಲಾಸಿನ ಅಂಕ ಜೀವನಪೂರ್ತಿ ಕಾಡುತ್ತದೆ”: ಅರ್ಧ ಸುಳ್ಳು

ಎಂಜಿನಿಯರಿಂಗ್‌ಗೆ ಸಿಇಟಿ ರ‍್ಯಾಂಕ್ ಕೊಡುವಾಗ ಲೆಕ್ಕಕ್ಕೆ ಬರುವುದು ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯು ಅಂಕ ಅರ್ಧ. ಅರ್ಹತೆಗೆ ದ್ವಿತೀಯ ಪಿಯುನ ನಿಗದಿತ ವಿಜ್ಞಾನ ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಮೀಸಲಾತಿ ವರ್ಗಗಳಿಗೆ ಶೇ 40 ಬೇಕು. ಎಂಬಿಬಿಎಸ್‌ಗೆ ನೀಟ್ ಜೊತೆಗೆ ಭೌತ, ರಸಾಯನ, ಜೀವಶಾಸ್ತ್ರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲಾತಿ ವರ್ಗಗಳಿಗೆ ಶೇ 40. ಎಸ್ಸೆಸ್ಸೆಲ್ಸಿಯಲ್ಲಿ ಶೇ 55 ಬಂದಿತ್ತೋ 95 ಬಂದಿತ್ತೋ ಎರಡೂ ಕಡೆ ಲೆಕ್ಕಕ್ಕಿಲ್ಲ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಪದವಿ ಇದ್ದರೆ ಸಾಕು.

ಉಳಿದ ಅರ್ಧ ನಿಜ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್‌ನಂಥ ಹುದ್ದೆಗಳಿಗೆ ಹತ್ತನೇ ತರಗತಿಯ ಅಂಕದ ಮೇಲೆಯೇ ಮೆರಿಟ್ ಪಟ್ಟಿ ಮಾಡುತ್ತಾರೆ. ಅಂಥ ಕೆಲಸದ ಮೇಲೆ ಕಣ್ಣಿದ್ದವರಿಗೆ ಪರೀಕ್ಷೆ-2 ಬರೆದು ಅಂಕ ಏರಿಸಿಕೊಳ್ಳುವುದು ಲಾಭದ ಮಾತು.

ಫಾರ್ವರ್ಡು ಹೇಳದೇ ಬಿಡುವ ಮಾತು

ಅಂಕ ಕಮ್ಮಿಯಾದರೆ ಒಂದು ಕಾಲೇಜಿನ ಬಾಗಿಲು ಮುಚ್ಚುತ್ತದೆ. ಕಾಂಬಿನೇಷನ್ ತಪ್ಪಿದರೆ ಇಡೀ ಕೋರ್ಸುಗಳ ಬಾಗಿಲೇ ಮುಚ್ಚುತ್ತದೆ. ಹೆಸರುವಾಸಿ ಕಾಲೇಜಿನಲ್ಲಿ ಪಿಸಿಎಂಬಿ ಸಿಗಲಿಲ್ಲ, ಆದರೂ ಅಲ್ಲೇ ಓದಬೇಕು ಎಂದು ಕಾಮರ್ಸ್‌ಗೆ ಸೇರಿಸಿದರೆ, ಮಗುವಿಗೆ ವೈದ್ಯಕೀಯ ಓದುವ ಆಸೆ ಇದ್ದಲ್ಲಿ ಆ ದಾರಿ ಅಲ್ಲಿಗೇ ನಿಲ್ಲುತ್ತದೆ. ಅದೇ ಮಗು ಊರಿನ ಸರ್ಕಾರಿ ಕಾಲೇಜಿನಲ್ಲಿ ವಿಜ್ಞಾನ ಓದಿದರೆ ನೀಟ್ ಬರೆಯಬಹುದು.

ಇದು ತಿರುಗುಮುರುಗಾಗಿಯೂ ಅನ್ವಯಿಸುತ್ತದೆ. ಗಣಿತವೆಂದರೆ ಕಣ್ಣೀರಿಡುವ ಹುಡುಗಿಯನ್ನು “ಹೇಗೋ ಸೈನ್ಸ್ ಸಿಕ್ಕಿತಲ್ಲ” ಎಂದು ತಳ್ಳಿದರೆ ಎರಡು ವರ್ಷ ಅವಳು ಒದ್ದಾಡುತ್ತಾಳೆ. ಕಾಮರ್ಸ್ ಓದಿದವರಿಗೆ ಸಿಎ, ಬಿಕಾಂ, ಬಿಬಿಎ ಇವೆ. ಐದು ವರ್ಷದ ಕಾನೂನು ಪದವಿಗೆ ಪಿಯುನಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ್ದು “ಮುಂದೆ ಏನು ಓದಬೇಕು ಅಂತಿದ್ದೀಯ?” ಎಂದು. ಅದಕ್ಕೆ ಬೇಕಾದ ವಿಷಯಗಳು ಯಾವುವು ಎನ್ನುವುದು ಎರಡನೆಯದು. ಆ ವಿಷಯಗಳು ಯಾವ ಕಾಲೇಜಿನಲ್ಲಿ ಸಿಗುತ್ತವೆ ಎನ್ನುವುದು ಕೊನೆಯದು. ನಾವು ಹೆಚ್ಚಿನವರು ಇದನ್ನು ಕೊನೆಯಿಂದ ಶುರುಮಾಡುತ್ತೇವೆ.

ಫಾರ್ವರ್ಡ್ ಒತ್ತುವ ಮುಂಚೆ

ಮೆಸೇಜಿನಲ್ಲಿ ವರ್ಷ, ಆದೇಶದ ದಿನಾಂಕ ಇದೆಯೇ ನೋಡಿ. ಇಲ್ಲದಿದ್ದರೆ ಅದು ಹೋದ ವರ್ಷದ್ದೂ ಇರಬಹುದು. ಕೊಂಡಿ ಇದ್ದರೆ ವಿಳಾಸ ಗಮನಿಸಿ. ಸರ್ಕಾರಿ ತಾಣಗಳ ವಿಳಾಸ ಸಾಮಾನ್ಯವಾಗಿ “ಗವ್ ಡಾಟ್ ಇನ್” ಅಥವಾ “ಎನ್‌ಐಸಿ ಡಾಟ್ ಇನ್” ಎಂದು ಮುಗಿಯುತ್ತದೆ. ಮೆಸೇಜಿನಲ್ಲಿ ಮೊಬೈಲ್ ನಂಬರ್ ಮತ್ತು “ಕೂಡಲೇ” ಎಂಬ ಪದ ಎರಡೂ ಜೊತೆಗಿದ್ದರೆ ಅನುಮಾನ ಪಡಿ. ಅಂಕಪಟ್ಟಿಯ ಫೋಟೋ ಹಾಕುವವರಿಗೂ ಒಂದು ಮಾತು: ಅದರಲ್ಲಿ ಮಗುವಿನ ನೋಂದಣಿ ಸಂಖ್ಯೆ, ಜನ್ಮದಿನಾಂಕ ಇರುತ್ತವೆ. ಮೋಸಗಾರರ ಕರೆ ಬರಲು ಅಷ್ಟು ಸಾಕು.

ಅದೇ ಗ್ರೂಪಿನಲ್ಲಿ ಅಂಕ ಕಮ್ಮಿ ಬಂದ ಇನ್ನೊಂದು ಮಗುವೂ ಇರುತ್ತದೆ. “ಎಷ್ಟು ಬಂತು?” ಎಂಬ ಪ್ರಶ್ನೆಯನ್ನು ಒಂದು ವಾರ ಬದಿಗಿಡಿ. ಮಗು ಊಟ ಬಿಟ್ಟಿದ್ದರೆ, ಮಾತು ಬಿಟ್ಟು ಬಾಗಿಲು ಹಾಕಿಕೊಂಡು ಕೂತಿದ್ದರೆ, ಸಾಯುವ ಮಾತಾಡಿದರೆ, ಒಬ್ಬರನ್ನೇ ಬಿಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098. ಈ ಲೇಖನದಲ್ಲಿ ಎಲ್ಲವನ್ನೂ ಹಂಚಲಾಗದಿದ್ದರೂ ಈ ಎರಡು ನಂಬರುಗಳನ್ನು ಮಾತ್ರ ನಿಮ್ಮ ಗ್ರೂಪಿಗೆ ಕಳಿಸಿ.