ಬೆನ್ನ ಮೇಲಿನ ಮಂಡಿ

‘ಆರೆಂಜ್ ಈಸ್ ದ ನ್ಯೂ ಬ್ಲ್ಯಾಕ್’ ಸರಣಿ ನೋಡಿದ ಓದುಗರೊಬ್ಬರು ಕೇಳಿದ್ದಾರೆ: ‘ಪೂಸೆಯನ್ನು ಆ ಕಾವಲು ಹುಡುಗ ಕೊಂದನೋ, ಅಥವಾ ಕೈಮೀರಿ ಆದ ಅನಾಹುತವೋ? ಕತ್ತನ್ನು ಯಾರೂ ಹಿಸುಕಲೇ ಇಲ್ಲವಲ್ಲ!’

2016ರಲ್ಲಿ ಬಂದ ನಾಲ್ಕನೇ ಸೀಸನ್ನಿನ ಕೊನೆಯಿಂದ ಎರಡನೇ ಕಂತು ಅದು. ಅಮೆರಿಕದ ಲಿಚ್‌ಫೀಲ್ಡ್ ಮಹಿಳಾ ಜೈಲಿನ ಊಟದ ಕೋಣೆಯಲ್ಲಿ ಶಾಂತವಾಗಿದ್ದ ಪ್ರತಿಭಟನೆ ಗದ್ದಲಕ್ಕೆ ತಿರುಗುತ್ತದೆ. ಸಣಕಲು ಮೈಯ ಕೈದಿ ಪೂಸೆಯನ್ನು ಕಾವಲು ಹುಡುಗ ಬೇಯ್ಲಿ ಬೋರಲು ಕೆಡವಿ ಬೆನ್ನಿಗೆ ಮಂಡಿ ಊರುತ್ತಾನೆ. ಅವನ ಗಮನವೆಲ್ಲ ತನ್ನ ಮೇಲೆ ಎರಗಿದ ಇನ್ನೊಬ್ಬ ಕೈದಿ ಸೂಜನ್‌ಳನ್ನು ತಳ್ಳುವುದರಲ್ಲಿ. ಕೆಳಗಿರುವವಳ ಒದ್ದಾಟ ಅವನ ಅರಿವಿಗೇ ಬರುವುದಿಲ್ಲ.

ಕತ್ತು ಹಿಸುಕದೆ ಉಸಿರು ನಿಲ್ಲುವುದು ಹೇಗೆ? ಕಮ್ಮಾರನ ಕುಲುಮೆಯ ತಿದಿ ನೆನಪಿಸಿಕೊಳ್ಳಿ. ತಿದಿ ಹಿಗ್ಗಿದಾಗ ಗಾಳಿ ತಾನಾಗಿ ಒಳಬರುತ್ತದೆ, ಒತ್ತಿದಾಗ ಹೊರಹೋಗುತ್ತದೆ. ಅದರ ಮೇಲೊಂದು ಚಪ್ಪಡಿ ಹೇರಿದರೆ, ಬಾಯಿ ಪೂರ್ತಿ ತೆರೆದಿದ್ದರೂ ತಿದಿ ಮತ್ತೆ ತುಂಬುವುದಿಲ್ಲ. ನಮ್ಮ ಎದೆಯೂ ಹಾಗೇ. ಪಕ್ಕೆಲುಬುಗಳು ಮೇಲೇಳಬೇಕು, ವಪೆ ಕೆಳಗಿಳಿದು ಹೊಟ್ಟೆಯನ್ನು ಮುಂದಕ್ಕೆ ದೂಡಬೇಕು. ಬೋರಲು ಬಿದ್ದವಳ ಹೊಟ್ಟೆಗೆ ನೆಲ ಅಡ್ಡ, ಬೆನ್ನಿಗೆ ಮಂಡಿ ಅಡ್ಡ. ಇನ್ನು ಮಾತು ಹುಟ್ಟುವುದು ಹೊರಹೋಗುವ ಗಾಳಿಯಲ್ಲಿ. ಚಪ್ಪಡಿ ಹೇರಿದ ತಿದಿಯೂ ಕೊನೆಯ ಸಲ ಸುಯ್ಯೆನ್ನಬಲ್ಲದು. ‘ಮಾತಾಡುತ್ತಿದ್ದಾನೆಂದರೆ ಉಸಿರಾಡುತ್ತಿದ್ದಾನೆ’ ಎಂಬ ಪೊಲೀಸ್ ನಂಬಿಕೆ ಇಲ್ಲೇ ಎಡವುವುದು. 2014ರಲ್ಲಿ ನ್ಯೂಯಾರ್ಕಿನಲ್ಲಿ ಪೊಲೀಸರ ಹಿಡಿತದಲ್ಲಿ ಸತ್ತ ಎರಿಕ್ ಗಾರ್ನರ್ ತನಗೆ ಉಸಿರಾಡಲಾಗುತ್ತಿಲ್ಲವೆಂದು 11 ಸಲ ಹೇಳಿದ್ದರು. ಪೂಸೆಯ ಸಾವಿನ ಹಿಂದೆ ಆ ನೆರಳು ಸ್ಪಷ್ಟವಾಗಿದೆ.

ಲೆಕ್ಕವೂ ಕಠೋರ. ಆರಾಮವಾಗಿದ್ದಾಗ ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಒಳಬರುತ್ತದೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಶ್ವಾಸನಾಳದಲ್ಲೇ ಉಳಿದು ರಕ್ತವನ್ನು ಮುಟ್ಟುವುದೇ ಇಲ್ಲ. ಉಸಿರು ಅಷ್ಟಕ್ಕೇ ಇಳಿದರೆ ಎದೆ ಆಡಿದಂತೆ ಕಂಡರೂ ಒಳಗೆ ಹೊಸ ಗಾಳಿಯಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮಿದುಳಿನ ಬುಡ ಅದನ್ನು ಗುರುತಿಸಿ ದಿಗಿಲೆಬ್ಬಿಸುತ್ತದೆ. ದೇಹ ಕೊಸರಾಡುತ್ತದೆ. ಮೇಲಿದ್ದವನಿಗೆ ಅದು ಪ್ರತಿರೋಧ, ಹಾಗಾಗಿ ಇನ್ನಷ್ಟು ಒತ್ತುತ್ತಾನೆ.

ಈ ಬಗೆಯ ಸಾವಿಗೆ ಗುರುತು ಕಡಿಮೆ. 1828ರ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು 16 ಮಂದಿಯನ್ನು ಕೊಂದು ಹೆಣಗಳನ್ನು ಅಂಗರಚನಾ ಶಿಕ್ಷಕ ರಾಬರ್ಟ್ ನಾಕ್ಸ್‌ಗೆ ಮಾರಿದರು. ಎದೆ ಅದುಮಿ ಮೂಗುಬಾಯಿ ಮುಚ್ಚುವುದು ಅವರ ವಿಧಾನ. ಹೆಣದ ಮೇಲೆ ಅನುಮಾನ ಹುಟ್ಟಿಸುವಂಥ ಗಾಯ ಇರುತ್ತಿರಲಿಲ್ಲ. ಗುರುತಿಲ್ಲದ ಕಡೆ ನೆಪಗಳಿಗೆ ಜಾಗ. 1980ರ ದಶಕದಿಂದ ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಸತ್ತ ಎಷ್ಟೋ ಜನರಿಗೆ ‘ಎಕ್ಸೈಟೆಡ್ ಡೆಲಿರಿಯಂ’ (ಉದ್ರೇಕದ ಸನ್ನಿಯೇ ಸಾವಿಗೆ ಕಾರಣ) ಎಂಬ ಹಣೆಪಟ್ಟಿ ಹಚ್ಚಲಾಯಿತು. ಅಲ್ಲಿನ ತುರ್ತುಚಿಕಿತ್ಸಾ ವೈದ್ಯರ ಸಂಘ ಅದನ್ನು ಸಮರ್ಥಿಸಿದ್ದ ತನ್ನ 2009ರ ವರದಿಯನ್ನು ಕೈಬಿಟ್ಟದ್ದು 2023ರಲ್ಲಿ! ಸ್ಯಾನ್ ಡಿಯಾಗೋದ ಸಂಶೋಧಕರು 1997ರಲ್ಲಿ ಆರೋಗ್ಯವಂತ ಸ್ವಯಂಸೇವಕರನ್ನು ಬೋರಲು ಕಟ್ಟಿ ಮಲಗಿಸಿ, ಆ ಭಂಗಿಯೊಂದರಿಂದಲೇ ಅಪಾಯವಿಲ್ಲ ಎಂದಿದ್ದರು. ಯಾವ ಕ್ಷಣದಲ್ಲೂ ಬಿಡುಗಡೆ ಸಿಗುತ್ತದೆಂದು ಗೊತ್ತಿದ್ದವರ ಮೇಲಿನ ಈ ಪ್ರಯೋಗವನ್ನು ಬೀದಿಯ ಜಗ್ಗಾಟಕ್ಕೆ ಅನ್ವಯಿಸುವುದು ನನಗೆ ಒಪ್ಪಿಗೆಯಿಲ್ಲ. 2021ರಲ್ಲಿ, ಪೊಲೀಸನ ಮಂಡಿಯಡಿ ಸತ್ತ ಜಾರ್ಜ್ ಫ್ಲಾಯ್ಡ್ ಅವರ ಮೊಕದ್ದಮೆಯಲ್ಲಿ ಶ್ವಾಸಕೋಶ ತಜ್ಞ ಮಾರ್ಟಿನ್ ಟೋಬಿನ್, ಪೂರ್ಣ ಆರೋಗ್ಯವಂತನೂ ಆ ಒತ್ತಡದಲ್ಲಿ ಸಾಯುತ್ತಿದ್ದ ಎಂದು ಸಾಕ್ಷ್ಯ ನುಡಿದರು.

ಹಾಗಾದರೆ ಬೇಯ್ಲಿ? ಅವನು ದುಷ್ಟನಲ್ಲವೆಂದು ಸರಣಿ ಸಾಕಷ್ಟು ತೋರಿಸುತ್ತದೆ, ಕೆಲವರಿಗೆ ಅದೇ ಸಿಟ್ಟು. ಆದರೆ ಉದ್ದೇಶ ಒಳ್ಳೆಯದಿದ್ದರೆ ಮಂಡಿಯ ಭಾರ ಕಡಿಮೆಯಾಗುವುದಿಲ್ಲ. ನನ್ನ ಓದಿನಲ್ಲಿ ದೊಡ್ಡ ತಪ್ಪು ಜೈಲು ನಡೆಸುವ ಖಾಸಗಿ ಕಂಪನಿಯದು. ಖರ್ಚು ಉಳಿಸಲು ತರಬೇತಿ ಮೊಟಕುಗೊಳಿಸಿ ಇಂಥ ಹುಡುಗರಿಗೆ ಸಮವಸ್ತ್ರ ತೊಡಿಸಿದ್ದು ಅದೇ. ಕಲಿಸಬೇಕಿದ್ದ ಪಾಠವಾದರೂ ಹೊಸದಾಗಿರಲಿಲ್ಲ: ಬೇಡಿ ತೊಡಿಸಿದ ಕೂಡಲೇ ವ್ಯಕ್ತಿಯನ್ನು ಬೋರಲಿನಿಂದ ಎಬ್ಬಿಸಿ ಎಂದು ಅಮೆರಿಕದ ನ್ಯಾಯ ಇಲಾಖೆ ಪೊಲೀಸರಿಗೆ ತಿಳಿಸಿದ್ದು 1995ರಲ್ಲೇ.