ಔಷಧದ ಪೆಟ್ಟಿಗೆಯೂ ಅದರ ಸಾಕ್ಷ್ಯವೂ

ವೈದ್ಯರು ಔಷಧವನ್ನು ಬರೆದುಕೊಟ್ಟ ಮಾತ್ರಕ್ಕೆ ಚಿಕಿತ್ಸೆ ನಡೆಯಿತೆಂದು ಹೇಳಲಾಗದು. ಮುಂದುವರಿದ ದೇಶಗಳಲ್ಲಿಯೂ ದೀರ್ಘಕಾಲದ ರೋಗಿಗಳಲ್ಲಿ ವಿಧಿಪೂರ್ವಕ ಔಷಧಸೇವನೆಯ ಪ್ರಮಾಣ ಸರಾಸರಿ ಶೇಕಡ 50 ಮಾತ್ರವೆಂದು ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ತಿಳಿಸಿತು. ಹಾಗಾದರೆ ಮನೆಯಲ್ಲಿರುವ ರೋಗಿಯು ಗುಳಿಗೆ ನುಂಗಿದನೇ ಎಂಬುದನ್ನು ದೂರದಿಂದ ಅರಿಯುವ ಬಗೆ ಯಾವುದು? ಇದನ್ನು ನಾವಿಲ್ಲಿ ವಿವೇಚಿಸುತ್ತೇವೆ.

ಪ್ರಶ್ನೆಯೇನೋ ಹಳೆಯದು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ ಕೆಲವು ಕ್ಷಯರೋಗಿಗಳನ್ನು ಸ್ಯಾನಟೋರಿಯಮಿನಲ್ಲಿಯೂ ಕೆಲವರನ್ನು ಮನೆಯಲ್ಲಿಯೂ ಇರಿಸಿ ಒಂದೇ ಔಷಧವನ್ನು ಕೊಟ್ಟರು. ವರ್ಷದ ಕೊನೆಗೆ ಫಲವು ಹೆಚ್ಚುಕಡಿಮೆ ಸಮವಾಗಿತ್ತು. ಮನೆಯ ರೋಗಿಗಳ ಔಷಧಸೇವನೆಯನ್ನು ಮೂತ್ರಪರೀಕ್ಷೆಯಿಂದಲೂ, ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಉಳಿದ ಗುಳಿಗೆಗಳನ್ನು ಎಣಿಸುವುದರಿಂದಲೂ ಪರಿಶೀಲಿಸಿದರು.

ಆ ಎಣಿಕೆಯನ್ನು ಈಗ ಯಂತ್ರವು ವಹಿಸಿಕೊಂಡಿದೆ. ಸ್ವಯಂಚಾಲಿತ ಪೆಟ್ಟಿಗೆಯ ಗೂಡುಗಳಲ್ಲಿ ಹೊತ್ತುಹೊತ್ತಿನ ಔಷಧವನ್ನು ಬೇರೆಬೇರೆಯಾಗಿ ತುಂಬಿರುತ್ತಾರೆ. ಗೊತ್ತಾದ ಸಮಯಕ್ಕೆ ಅದು ಗಂಟೆ ಬಾರಿಸಿ ಆ ಹೊತ್ತಿನ ಗುಳಿಗೆಗಳನ್ನು ಮಾತ್ರ ಹೊರಗೆ ನೀಡುತ್ತದೆ. ರೋಗಿಯು ತೆಗೆದುಕೊಳ್ಳದಿದ್ದರೆ ದೂರವಾಣಿ ಜಾಲದ ಮೂಲಕ ದಾದಿಗೋ ಬಂಧುಗಳಿಗೋ ಸುದ್ದಿ ಮುಟ್ಟಿಸುತ್ತದೆ.

ಕ್ಷಯರೋಗಿಗಳಿಗಾಗಿ ಇದಕ್ಕಿಂತ ಅಗ್ಗವಾದ ಉಪಾಯವೊಂದು ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ರೂಪುಗೊಂಡಿತು. ಅದರ ಹೆಸರು 99ಡಾಟ್ಸ್. ಹಾಳೆಯಿಂದ ಗುಳಿಗೆಯನ್ನು ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ದೂರವಾಣಿ ಸಂಖ್ಯೆ ಕಾಣುತ್ತದೆ. ರೋಗಿಯು ಅದಕ್ಕೆ ಖರ್ಚಿಲ್ಲದ ಕರೆ ಮಾಡಿದರೆ ಅಂದಿನ ಲೆಕ್ಕ ದಾಖಲಾಗುತ್ತದೆ.

ಆದರೆ ಇಂತಹ ಸಾಕ್ಷ್ಯದ ಮಿತಿಯನ್ನು ಮರೆಯಲಾಗದು. ಗುಳಿಗೆ ಹೊರಬಂದುದನ್ನು ಯಂತ್ರವು ಬಲ್ಲದೇ ಹೊರತು ಹೊಟ್ಟೆಗೆ ಹೋದುದನ್ನಲ್ಲ. ಚೆನ್ನೈ ಮತ್ತು ಮುಂಬಯಿಯ ರೋಗಿಗಳ ಕರೆಯ ಲೆಕ್ಕವನ್ನು ಮೂತ್ರಪರೀಕ್ಷೆಯೊಡನೆ ಹೋಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡಕ್ಕೂ ಗಣನೀಯವಾದ ಅಂತರ ಕಂಡುಬಂದಿತು. ಔಷಧ ಸೇವಿಸಿದವರಲ್ಲಿ ಹಲವರ ಸೇವನೆ ದಾಖಲಾಗಿರಲಿಲ್ಲ. ಸೇವಿಸದವರಲ್ಲಿ ಕೆಲವರದು ದಾಖಲಾಗಿತ್ತು.

ಆದುದರಿಂದ ಯಂತ್ರದ ಲೆಕ್ಕವನ್ನು ತೀರ್ಪೆಂದು ಭಾವಿಸುವುದು ಸಲ್ಲದು. ತಪ್ಪಿದ ದಿನವೊಂದರ ಹಿಂದೆ ವಾಂತಿಯಿರಬಹುದು, ಕೂಲಿಗಾಗಿ ಊರು ಬಿಟ್ಟಿರಬಹುದು, ದೂರವಾಣಿಯೇ ಕೈಯಲ್ಲಿ ಇಲ್ಲದಿರಬಹುದು. ಯಾರ ಮನೆಗೆ ಮೊದಲು ಹೋಗಿ ವಿಚಾರಿಸಬೇಕೆಂಬುದನ್ನು ಪೆಟ್ಟಿಗೆಯು ಸೂಚಿಸಬಲ್ಲದು. ಹೋಗಿ ವಿಚಾರಿಸುವವರು ಇಲ್ಲದಿದ್ದರೆ ಆ ಸೂಚನೆಯಿಂದ ರೋಗಿಗೆ ಯಾವ ಪ್ರಯೋಜನವೂ ಇಲ್ಲ.